ಕೋವಿ ಯಾರ ಕೈಯಲ್ಲಿ: ಹಲಗಲಿಯಿಂದ ಈಚೆಗೆ

ಬೆಂಗಳೂರಿನ ನಮ್ಮ ಅಂಜನಾಪುರದಿಂದ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಅಂಚು ಹತ್ತು ಕಿಲೋಮೀಟರಿನೊಳಗೇ ಇದೆ. ಈ ದೂರಕ್ಕೆ ಕಾನೂನಿನಲ್ಲಿ ಒಂದು ಬೆಲೆಯಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 34ನೇ ಕಲಮಿನ ಪ್ರಕಾರ ಅಭಯಾರಣ್ಯದಿಂದ ಹತ್ತು ಕಿಲೋಮೀಟರಿನ ಒಳಗೆ ಯಾರಿಗಾದರೂ ಹೊಸದಾಗಿ ಕೋವಿಯ ಲೈಸೆನ್ಸ್ ಕೊಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಮೊದಲೇ ಸಿಕ್ಕಿರಬೇಕು. ರಾಷ್ಟ್ರೀಯ ಉದ್ಯಾನಗಳಿಗೂ ಇದೇ ನಿಯಮ. ಬಡಾವಣೆ ಬರುವ ಮೊದಲು ಇಲ್ಲಿ ರಾಗಿ ಹೊಲಗಳಿದ್ದವು, ಹೊಲಕ್ಕೆ ಹಂದಿಯ ಕಾಟವಿತ್ತು. ಕೋವಿ ಬೇಕೆಂದ ರೈತ ಜಿಲ್ಲಾಧಿಕಾರಿಯ ಕಚೇರಿಗೆ ಅರ್ಜಿ ಹಾಕಬೇಕಿತ್ತು. ಊರು ನಗರದೊಳಗೆ ಸೇರಿದ ಮೇಲೆ ಆ ಅಧಿಕಾರ ನಗರ ಪೊಲೀಸ್ ಆಯುಕ್ತರದ್ದಾಯಿತು. ಹೊಲ ಹೋಗಿ ಸೈಟು ಬಂದಿದೆ, ಬನ್ನೇರುಘಟ್ಟದ ಕಡೆಗೆ ಸರಿದಂತೆ ಆನೆ, ಚಿರತೆ, ಹಂದಿಗಳ ಭಯ ಮಾತ್ರ ಹಾಗೆಯೇ ಉಳಿದಿದೆ. ಯಾರಿಗೆ ಕೋವಿ ಕೊಡಬಹುದು, ಯಾರಿಗೆ ಕೊಡಬಾರದು ಎಂಬ ತೀರ್ಮಾನ ಹೀಗೆ ನಮ್ಮ ಬೀದಿಯವರೆಗೂ ಬಂದು ನಿಂತಿರುವಾಗ, ಅದು ಎಲ್ಲಿಂದ ಹೊರಟು ಬಂತು ಎಂದು ಹಿಂತಿರುಗಿ ನೋಡುವುದು ಅಗತ್ಯ. 2019ರ ಆಯುಧ ತಿದ್ದುಪಡಿ ಕಾಯ್ದೆಗೆ ಐದು ವರ್ಷ ಮೀರಿದೆ. ಕೋವಿಯ ಲೈಸೆನ್ಸಿನಿಂದ ಕೊಡಗಿನವರಿಗೆ ಇರುವ ವಿನಾಯಿತಿಯ ಗಡುವು 2029ರ ಅಕ್ಟೋಬರಿಗೆ ಮುಗಿಯುತ್ತದೆ. ಲೆಕ್ಕ ನೋಡಲು ಇದು ಸರಿಯಾದ ಹೊತ್ತು.

ಕನ್ನಡ ನಾಡಿನಲ್ಲಿ ಈ ಕಥೆ ಶುರುವಾಗುವುದು ರಕ್ತದಿಂದ. 1857ರಲ್ಲಿ ಉತ್ತರ ಭಾರತದ ದಂಗೆಗೆ ಬೆದರಿದ ಈಸ್ಟ್ ಇಂಡಿಯಾ ಕಂಪನಿ ಸರ್ಕಾರ ಜನರ ಕೈಯ ಆಯುಧಗಳನ್ನು ಕಸಿಯಲು ಕಾಯ್ದೆ ತಂದಿತು. ಕತ್ತಿ, ಕೋವಿ ಏನಿದ್ದರೂ ತಂದು ತೋರಿಸಬೇಕು, ನೋಂದಾಯಿಸಬೇಕು, ಸರ್ಕಾರ ಬೇಡವೆಂದರೆ ಒಪ್ಪಿಸಬೇಕು. ಈಗಿನ ಬಾಗಲಕೋಟೆ ಜಿಲ್ಲೆಯ ಹಲಗಲಿ ಆಗ ಮುಧೋಳ ಸಂಸ್ಥಾನಕ್ಕೆ ಸೇರಿದ ಹಳ್ಳಿ. ಅಲ್ಲಿನ ಬೇಡರಿಗೆ ಆಯುಧವೇ ಬದುಕು. ಬೇಟೆ, ಕಾವಲು, ಊರಿನ ಮಾನ ಎಲ್ಲವೂ ಅದರ ಮೇಲೆ ನಿಂತಿದ್ದವು. ಅವರು ಒಪ್ಪಲಿಲ್ಲ. ಜಡಗ, ಬಾಲ, ಹನುಮ, ರಾಮ ಎಂಬ ನಾಯಕರ ಹಿಂದೆ ಸುತ್ತಲಿನ ಹಳ್ಳಿಗಳವರೂ ಬಂದು ನಿಂತರು. ನವೆಂಬರ್ ಕೊನೆಯಲ್ಲಿ ಕರ್ನಲ್ ಮಾಲ್ಕಮನ ಕುದುರೆ ದಂಡು ರಾತ್ರಿಯಲ್ಲಿ ಬಂದು ಹಲಗಲಿಯನ್ನು ಮುತ್ತಿತು, ಮನೆಗಳಿಗೆ ಬೆಂಕಿಯಿಟ್ಟಿತು. ಸಿಕ್ಕವರಲ್ಲಿ 13 ಮಂದಿಯನ್ನು ಡಿಸೆಂಬರ್ 11ರಂದು ಮುಧೋಳದಲ್ಲಿ, 6 ಮಂದಿಯನ್ನು ಡಿಸೆಂಬರ್ 14ರಂದು ಹಲಗಲಿಯಲ್ಲೇ ಗಲ್ಲಿಗೇರಿಸಿದರು.

ಈ ಕಥೆ ನಮಗೆ ಉಳಿದದ್ದು ಲಾವಣಿಯ ಮೂಲಕ. ಶಾಸನಗಳನ್ನು ಓದಿ ಪ್ರಕಟಿಸಿದ ಜೆ.ಎಫ್. ಫ್ಲೀಟ್ ಅದನ್ನು ಹಾಡುಗಾರರಿಂದ ಬರೆಸಿಕೊಂಡು ಅಚ್ಚು ಹಾಕಿಸಿದ. ಗಲ್ಲಿಗೇರಿಸಿದ ಸರ್ಕಾರದ ಅಧಿಕಾರಿಯೇ ಆ ಹಾಡನ್ನು ಉಳಿಸಿದ್ದು ಚರಿತ್ರೆಯ ಒಂದು ವಿಚಿತ್ರ. ಅದು ನಮ್ಮ ಶಾಲೆಯ ಪಠ್ಯಕ್ಕೂ ಬಂತು, ಮಕ್ಕಳು ಅದನ್ನು ಶೌರ್ಯದ ಕಥೆಯಾಗಿ ಓದುತ್ತಾರೆ. ಅದರೊಳಗೆ ಒಂದು ಕಾಯ್ದೆಯ ಕಥೆಯೂ ಇದೆ ಎಂದು ತರಗತಿಯಲ್ಲಿ ಹೇಳಿಕೊಟ್ಟದ್ದನ್ನು ನಾನಂತೂ ಕೇಳಿಲ್ಲ. ಜನರನ್ನು ಕೇಳದೆ, ಅವರ ಜೀವನಕ್ಕೆ ಬದಲಿ ದಾರಿ ತೋರಿಸದೆ, ದಂಡಿನ ಬಲದಿಂದ ಆಯುಧ ಕಸಿಯಲು ಹೊರಟರೆ ಏನಾಗುತ್ತದೆ ಎಂಬುದಕ್ಕೆ ಕನ್ನಡದಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿ ಇನ್ನೊಂದಿಲ್ಲ. ಮರುವರ್ಷ ನರಗುಂದದಲ್ಲೂ ಇದೇ ಕಿಚ್ಚು ಹೊತ್ತಿತು. ದತ್ತು ಸ್ವೀಕಾರವನ್ನು ನಿರಾಕರಿಸಿದ ನೋವಿನ ಮೇಲೆ ಕೋಟೆಯ ತೋಪುಗಳನ್ನೂ ಧಾರವಾಡಕ್ಕೆ ಕಳಿಸು ಎಂಬ ಹುಕುಂ ಬಂದಾಗ ಅಲ್ಲಿನ ಅರಸ ಭಾಸ್ಕರರಾವ್ ಬಾಬಾಸಾಹೇಬ ತಿರುಗಿಬಿದ್ದ. 1858ರ ಜೂನಿನಲ್ಲಿ ಬೆಳಗಾವಿಯಲ್ಲಿ ಅವನನ್ನೂ ಗಲ್ಲಿಗೇರಿಸಿದರು.

ಈಗ ಅದೇ ಕಾಲದ ಕೊಡಗನ್ನು ನೋಡಿ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕಂಪನಿ ಕೊಡಗನ್ನು ವಶಪಡಿಸಿಕೊಂಡಿತು. 1837ರಲ್ಲಿ ಕಂಪನಿಯ ವಿರುದ್ಧ ಅಮರ ಸುಳ್ಯದ ದಂಗೆ ಎದ್ದಿತು. ಅದನ್ನು ಅಡಗಿಸುವಾಗ ಕೊಡಗಿನ ಕೆಲವರು ಕಂಪನಿಯ ಪಕ್ಕ ನಿಂತು ಪದಕ, ಜಮೀನು ಪಡೆದರು. ದಂಗೆಯ ಪಕ್ಕ ನಿಂತ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷದ ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ ಗಲ್ಲಿಗೇರಿಸಲಾಯಿತು. ಇಪ್ಪತ್ತಮೂರು ವರ್ಷ ಕಳೆದ ಮೇಲೆ, 1861ರ ಫೆಬ್ರುವರಿಯಲ್ಲಿ, ಮೈಸೂರು ಮತ್ತು ಕೊಡಗಿನ ಆಡಳಿತ ನೋಡುತ್ತಿದ್ದ ಮಾರ್ಕ್ ಕಬ್ಬನ್ ಒಂದು ಘೋಷಣೆ ಹೊರಡಿಸಿದ. ನಿರಾಯುಧೀಕರಣದ ಕಾಯ್ದೆ ಕೊಡವರಿಗೆ ಅನ್ವಯಿಸುವುದಿಲ್ಲ ಎಂದು ಸಾರಿದ ಆ ಘೋಷಣೆ ಅವರ ನಿಷ್ಠೆಯನ್ನೂ ಧೈರ್ಯವನ್ನೂ ಕಾರಣವಾಗಿ ಕೊಟ್ಟಿತ್ತು. ಹಲಗಲಿಯ ಬೇಡನಿಗೆ ನೇಣು, ಕೊಡಗಿನ ಯೋಧನಿಗೆ ವಿನಾಯಿತಿ. ನಡುವೆ ನಾಲ್ಕು ವರ್ಷವೂ ಕಳೆದಿರಲಿಲ್ಲ. ಇಬ್ಬರ ಕೋವಿಯೂ ಒಂದೇ ತರದ್ದು. ಇಬ್ಬರಿಗೂ ಅದು ದೈವದಷ್ಟೇ ಹತ್ತಿರದ ವಸ್ತು. ಸರ್ಕಾರ ತೂಗಿದ್ದು ಕೋವಿಯ ಅಪಾಯವನ್ನಾಗಿದ್ದರೆ ತೀರ್ಪು ಎರಡು ಬಗೆಯಾಗುತ್ತಿರಲಿಲ್ಲ. ಅದು ತೂಗಿದ್ದು ಹಿಡಿದವರ ನಿಷ್ಠೆಯನ್ನು.

ಆ ಅಳತೆಗೋಲನ್ನೇ 1878ರ ಆಯುಧ ಕಾಯ್ದೆ ಇಡೀ ದೇಶಕ್ಕೆ ಹಿಡಿಯಿತು. ಭಾರತೀಯನಿಗೆ ಲೈಸೆನ್ಸ್ ಕಡ್ಡಾಯ, ಯುರೋಪಿಯನ್ನನಿಗೆ ವಿನಾಯಿತಿ. ಈ ಅವಮಾನ ಆ ಕಾಲದ ಓದಿದವರನ್ನು ಸುಟ್ಟಿತು. 1887ರ ಮದ್ರಾಸ್ ಕಾಂಗ್ರೆಸ್ ಅಧಿವೇಶನ ಇದರ ವಿರುದ್ಧ ಗೊತ್ತುವಳಿ ಮಾಡಿತು. 1931ರ ಕರಾಚಿ ಅಧಿವೇಶನದ ಗೊತ್ತುವಳಿ ಮೂಲಭೂತ ಹಕ್ಕುಗಳನ್ನು ಪಟ್ಟಿ ಮಾಡುವಾಗ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕನ್ನೂ ಸೇರಿಸಿತು. ಅಹಿಂಸೆಯ ಪಕ್ಷ ಹೀಗೇಕೆ ಮಾಡಿತು ಎಂದು ಈಗ ಕೇಳುವವರಿದ್ದಾರೆ. ಬಂದೂಕಿನ ಮೋಹದಿಂದ ಅವರು ಹಾಗೆ ಮಾಡಲಿಲ್ಲ, ತಮ್ಮನ್ನು ನಂಬದ ಸರ್ಕಾರಕ್ಕೆ ಕೊಟ್ಟ ಉತ್ತರ ಅದು.

ಆ ಹಕ್ಕು ಸಂವಿಧಾನದೊಳಗೆ ಬರದೆ ಹೋದ ಕಥೆಯಲ್ಲಿ ನಮ್ಮ ಕರಾವಳಿಯ ಒಬ್ಬರಿದ್ದಾರೆ. ಹರಿ ವಿಷ್ಣು ಕಾಮತ್ ಹುಟ್ಟಿದ್ದು ಮಂಗಳೂರಿನಲ್ಲಿ. ಐಸಿಎಸ್ ನೌಕರಿಯನ್ನು ಬಿಟ್ಟು ಸ್ವಾತಂತ್ರ್ಯ ಹೋರಾಟಕ್ಕೆ ಇಳಿದವರು. ಮಧ್ಯ ಪ್ರಾಂತದಿಂದ ಸಂವಿಧಾನ ಸಭೆಗೆ ಬಂದಿದ್ದ ಅವರು 1948ರ ಡಿಸೆಂಬರಿನಲ್ಲಿ, ಕರಾಚಿಯ ಮಾತನ್ನು ನೆನಪಿಸಿ, ಆಯುಧ ಹೊಂದುವ ಹಕ್ಕನ್ನು ನಾಗರಿಕ ಸ್ವಾತಂತ್ರ್ಯಗಳ ಸಾಲಿಗೆ ಸೇರಿಸಬೇಕೆಂದು ತಿದ್ದುಪಡಿ ಮಂಡಿಸಿದರು. ಅಂಬೇಡ್ಕರ್ ಒಪ್ಪಲಿಲ್ಲ. ಪರದೇಶಿ ಸರ್ಕಾರದ ಎದುರು ಆ ಬೇಡಿಕೆಗೆ ಅರ್ಥವಿತ್ತು, ಸ್ವತಂತ್ರ ದೇಶದಲ್ಲಿ ಪ್ರತಿಯೊಬ್ಬನಿಗೂ ಆಯುಧವನ್ನು ಮೂಲಭೂತ ಹಕ್ಕಾಗಿ ಕೊಟ್ಟರೆ ಅಪರಾಧಿಯ ಕೈಯಿಂದಲೂ ಅದನ್ನು ಕಸಿಯುವುದು ಕಷ್ಟವಾಗುತ್ತದೆ ಎಂಬುದು ಅವರ ವಾದದ ತಿರುಳು. ತಿದ್ದುಪಡಿ ಬಿದ್ದುಹೋಯಿತು. ಅಮೆರಿಕದಲ್ಲಿ 1791ರ ಎರಡನೇ ತಿದ್ದುಪಡಿ ಇಂದಿಗೂ ಕಟ್ಟುತ್ತಿರುವ ಗಂಟುಗಳನ್ನು, ಶಾಲೆಗೆ ಹೋದ ಮಕ್ಕಳು ಮನೆಗೆ ಮರಳುವ ಖಾತ್ರಿ ಇಲ್ಲದೆ ಅಲ್ಲಿನ ಕನ್ನಡ ಮನೆಗಳೂ ಬದುಕುತ್ತಿರುವ ಭಯವನ್ನು ನೋಡಿದಾಗ, ಆ ದಿನ ಅಂಬೇಡ್ಕರ್ ನಿಂತ ನೆಲ ಎಷ್ಟು ಗಟ್ಟಿಯಾದದ್ದು ಎಂದು ತಿಳಿಯುತ್ತದೆ. ಕಾಮತರ ಮೇಲಿನ ಗೌರವ ಕಡಿಮೆಯಾಗದೆಯೇ ಈ ಮಾತು ಹೇಳುತ್ತಿದ್ದೇನೆ. ನಾಗರಿಕನನ್ನು ನಂಬಿ ಎಂದು ಅವರು ಕೇಳಿದ್ದರು. ಕೋವಿಯ ಹಕ್ಕನ್ನು ಸಭೆ ತಳ್ಳಿಹಾಕಿದ್ದು ಸರಿ, ಆದರೆ ನಂಬಿಕೆಯ ಆ ಬೇಡಿಕೆಯೂ ಅದರ ಜೊತೆಗೇ ಕಡತ ಸೇರಬೇಕಿರಲಿಲ್ಲ.

ಏಕೆಂದರೆ 1959ರ ಆಯುಧ ಕಾಯ್ದೆ ಹಳೆಯ ಕಟ್ಟಡದ ಮೇಲೆಯೇ ಎದ್ದಿತು. 1962ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಈ ಕಾಯ್ದೆ ಜನಾಂಗಭೇದದ ಮಾತುಗಳನ್ನು ಬಿಟ್ಟಿತು, ಅರ್ಜಿ ತಿರಸ್ಕರಿಸಿದರೆ ಕಾರಣ ಕೊಡಬೇಕು, ಮೇಲ್ಮನವಿಗೆ ಅವಕಾಶವಿರಬೇಕು ಎಂಬ ಮರ್ಯಾದೆಯನ್ನು ತಂದಿತು. ಅಷ್ಟಾದರೂ ಅಧಿಕಾರಿ ಒಪ್ಪಿದವನಿಗೆ ಲೈಸೆನ್ಸ್ ಎಂಬ ಮೂಲ ಹಾಗೆಯೇ ಉಳಿಯಿತು. ಎಷ್ಟು ಕೋವಿ ಇಟ್ಟುಕೊಳ್ಳಬಹುದು ಎಂಬುದಕ್ಕೆ 1983ರಲ್ಲಿ ಮೂರರ ಮಿತಿ ಬಂತು. 2016ರ ನಿಯಮಗಳು ತರಬೇತಿಯ ಪ್ರಮಾಣಪತ್ರವನ್ನು ಕೇಳಿದವು, ಲೈಸೆನ್ಸುಗಳನ್ನು ರಾಷ್ಟ್ರೀಯ ದತ್ತಾಂಶಕ್ಕೆ ಸೇರಿಸಿ ಒಂದೊಂದಕ್ಕೂ ಒಂದು ಸಂಖ್ಯೆ ಕೊಡುವ ಕೆಲಸ ನಡೆಯಿತು. ಇದು ಒಳ್ಳೆಯ ಕೆಲಸ. 2019ರ ಡಿಸೆಂಬರಿನ ತಿದ್ದುಪಡಿ ಮೂರನ್ನು ಎರಡಕ್ಕೆ ಇಳಿಸಿತು. ಕರಡಿನಲ್ಲಿ ಒಂದೇ ಎಂದಿತ್ತು, ವಿರೋಧ ಬಂದ ಮೇಲೆ ಎರಡಾಯಿತು. ಲೈಸೆನ್ಸಿನ ಅವಧಿ ಮೂರರಿಂದ ಐದು ವರ್ಷಕ್ಕೆ ಹಿಗ್ಗಿತು. ಅಕ್ರಮ ತಯಾರಿಕೆಗೆ ಜೀವಾವಧಿಯವರೆಗೆ ಶಿಕ್ಷೆ ಹೆಚ್ಚಿತು. ಮದುವೆ ಮೆರವಣಿಗೆಯಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಲೆಕ್ಕದ ಪುಸ್ತಕದಲ್ಲಿ ಇಷ್ಟು ಬರೆದ ಮೇಲೆ ಬೀದಿಯಲ್ಲಿ ಏನಾಯಿತು ನೋಡಬೇಕು. ಸ್ಮಾಲ್ ಆರ್ಮ್ಸ್ ಸರ್ವೆ ಎಂಬ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ 2017ಕ್ಕೆ ಮಾಡಿದ ಅಂದಾಜಿನಂತೆ ಭಾರತದ ನಾಗರಿಕರ ಕೈಯಲ್ಲಿ ಸುಮಾರು 7.1 ಕೋಟಿ ಬಂದೂಕುಗಳಿವೆ, ಅವುಗಳಲ್ಲಿ ನೋಂದಣಿಯಾದವು ಸುಮಾರು 97 ಲಕ್ಷ. ಅಂದಾಜಿನಲ್ಲಿ ತಪ್ಪಿರಬಹುದು ಎಂದುಕೊಂಡು ಅರ್ಧ ಕಳೆದರೂ, ಕಾನೂನಿನ ಕಣ್ಣಿಗೆ ಬೀಳದ ಕೋವಿಗಳೇ ಹಲವು ಪಟ್ಟು ಹೆಚ್ಚು. ನಮ್ಮ ನಾಡಿನ ದೊಡ್ಡ ಗಾಯಗಳೆಲ್ಲ ಆ ಕಡೆಯಿಂದ ಬಂದವು. ಕಾಡುಗಳ್ಳ ವೀರಪ್ಪನ್ ಯಾವ ಜಿಲ್ಲಾಧಿಕಾರಿಯ ಮುಂದೆಯೂ ಅರ್ಜಿ ಹಿಡಿದು ನಿಂತವನಲ್ಲ. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು 1991ರಲ್ಲಿ ಕೊಂದ ಅವನ ಗುಂಪು, 2000ದ ಜುಲೈ 30ರಂದು ಡಾ. ರಾಜಕುಮಾರ್ ಅವರನ್ನು ಗಾಜನೂರಿನಿಂದ ಹೊತ್ತೊಯ್ದಾಗ ಬೆಂಗಳೂರು ಉಸಿರು ಬಿಗಿಹಿಡಿದು 108 ದಿನ ಕಾಯಿತು. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ ಅವರ ಮನೆಯ ಬಾಗಿಲು ತಟ್ಟಿದ ಹಂತಕರು ಅವರ ಮೇಲೆ ಗುಂಡು ಹಾರಿಸಿದರು. 2017ರ ಸೆಪ್ಟೆಂಬರ್ 5ರಂದು, ನಮಗೆ ದೂರವಲ್ಲದ ರಾಜರಾಜೇಶ್ವರಿ ನಗರದಲ್ಲಿ, ಗೌರಿ ಲಂಕೇಶ್ ಮನೆಯ ಅಂಗಳದಲ್ಲೇ ಕುಸಿದರು. ಎರಡೂ ಕಡೆ ಒಂದೇ 7.65 ಮಿಲಿಮೀಟರ್ ನಾಡಪಿಸ್ತೂಲು ಬಳಕೆಯಾಗಿದೆ ಎಂದು ವಿಧಿವಿಜ್ಞಾನ ವರದಿ ಹೇಳಿತು. ಎರಡು ವರ್ಷ ಆ ಪಿಸ್ತೂಲು ಈ ನಾಡಿನಲ್ಲೋ ಪಕ್ಕದ ನಾಡಿನಲ್ಲೋ ಎಲ್ಲೋ ಸುಮ್ಮನೆ ಕಾಯುತ್ತಿತ್ತು. ಅದಕ್ಕೆ ಲೈಸೆನ್ಸಿಲ್ಲ, ಸಂಖ್ಯೆಯಿಲ್ಲ, ದತ್ತಾಂಶದಲ್ಲಿ ಅದರ ಸಾಲಿಲ್ಲ. 2025ರ ಜನವರಿಯಲ್ಲಿ ಬೀದರಿನಲ್ಲಿ ಎಟಿಎಂಗೆ ಹಣ ತುಂಬುವವರ ಮೇಲೆ ಹಾಡಹಗಲು ಗುಂಡು ಹಾರಿತು, ಒಂದು ಜೀವ ಹೋಯಿತು. ಮರುದಿನವೇ ಉಳ್ಳಾಲದ ಕೋಟೆಕಾರಿನ ಸಹಕಾರಿ ಬ್ಯಾಂಕಿಗೆ ಬಂದೂಕು ಹಿಡಿದವರು ನುಗ್ಗಿದರು.

ಕಲಬುರ್ಗಿಯವರು ಬದುಕಿನುದ್ದಕ್ಕೂ ವಚನಗಳ ಪಾಠ ಪರಿಶೀಲಿಸಿದವರು. ಗೌರಿ ವಾರವಾರ ಪತ್ರಿಕೆ ಬರೆದವರು. ಇವರಿಬ್ಬರ ಸಾವನ್ನು ತಡೆಯದ ಕಾನೂನು ಎಷ್ಟು ಬಿಗಿಯಾಗಿದೆ ಎಂದು ಹೇಳಿಕೊಂಡರೇನು ಪ್ರಯೋಜನ? ಶಿಕ್ಷೆಯನ್ನು ಜೀವಾವಧಿಗೆ ಏರಿಸಿದ್ದು ಸರಿ. ಆದರೆ ನಾಡಪಿಸ್ತೂಲು ಯಾವ ಕುಲುಮೆಯಲ್ಲಿ ಹುಟ್ಟಿತು, ಯಾವ ದಾರಿಯಲ್ಲಿ ಬಂತು, ಗುಂಡು ಎಲ್ಲಿ ಸಿಕ್ಕಿತು ಎಂದು ಹಿಂದಕ್ಕೆ ಹಿಂದಕ್ಕೆ ಹೋಗಿ ಆ ಬೇರು ಕೀಳುವ ಪೊಲೀಸ್ ಕೆಲಸ ಇಲ್ಲದಿದ್ದರೆ ಆ ಶಿಕ್ಷೆ ಪುಸ್ತಕದಲ್ಲೇ ಉಳಿಯುತ್ತದೆ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಕೆ.ಎಂ. ಜೋಸೆಫ್ ಮತ್ತು ನಮ್ಮವರೇ ಆದ ಬಿ.ವಿ. ನಾಗರತ್ನ 2023ರ ಫೆಬ್ರುವರಿಯಲ್ಲಿ, ಉತ್ತರ ಪ್ರದೇಶದ ಒಂದು ಪ್ರಕರಣ ಕೇಳುತ್ತ, ಲೈಸೆನ್ಸಿಲ್ಲದ ಬಂದೂಕುಗಳ ಹಾವಳಿಯನ್ನು ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡರು. ಅಮೆರಿಕದಂತೆ ಇಲ್ಲಿ ಆಯುಧ ಹೊಂದುವುದು ಮೂಲಭೂತ ಹಕ್ಕಲ್ಲ ಎಂದು ನೆನಪಿಸಿದರು. 1948ರ ಆ ಚರ್ಚೆ ಎಪ್ಪತ್ತನಾಲ್ಕು ವರ್ಷದ ನಂತರ ನ್ಯಾಯಾಲಯದಲ್ಲಿ ಹೀಗೆ ಮತ್ತೆ ಜೀವ ಪಡೆಯಿತು.

ಇನ್ನೊಂದು ಕಡೆ, ಕಾನೂನು ಪಾಲಿಸಿ ಲೈಸೆನ್ಸ್ ಪಡೆದ ಮಲೆನಾಡಿನ, ದಕ್ಷಿಣ ಕನ್ನಡದ ಕೃಷಿಕನ ಪಾಡು ನೋಡಿ. ಅವನ ಬಳಿ ಇರುವುದು ಒಂದು ಕೇಪಿನ ಕೋವಿ, ಇಲ್ಲವೇ ಒಂಟಿ ನಳಿಗೆಯ ತೋಟೆ ಕೋವಿ. ಮದ್ದು, ಚರೆ ತುಂಬಿ ಒಂದು ಈಡು ಹೊಡೆದರೆ ಮಂಗನ ಹಿಂಡು ಆ ದಿನಕ್ಕೆ ಅಡಿಕೆ ತೋಟ ಬಿಟ್ಟು ಓಡುತ್ತದೆ. ಪಂಚಾಯಿತಿಯಿಂದ ಲೋಕಸಭೆಯವರೆಗೆ ಯಾವ ಚುನಾವಣೆ ಘೋಷಣೆಯಾದರೂ ಆ ಕೋವಿ ಠಾಣೆಗೆ ಹೋಗಬೇಕು. ಹಂದಿ, ಮಂಗ, ಆನೆಗೆ ನೀತಿಸಂಹಿತೆ ಗೊತ್ತಿಲ್ಲ. ತಿಂಗಳುಗಟ್ಟಲೆ ಕೋವಿಯಿಲ್ಲದ ತೋಟ ಲೂಟಿಯಾಗುತ್ತದೆ, ಎಷ್ಟೋ ಸಲ ಕೋವಿ ವಾಪಸು ಬರುವಾಗ ತುಕ್ಕು ಹಿಡಿದಿರುತ್ತದೆ. ಎಲ್ಲರ ಕೋವಿಯನ್ನೂ ಸಾರಾಸಗಟಾಗಿ ಒಪ್ಪಿಸಿಕೊಳ್ಳಬೇಕಿಲ್ಲ, ಪರಿಶೀಲನಾ ಸಮಿತಿ ಒಬ್ಬೊಬ್ಬರ ಪ್ರಕರಣ ನೋಡಿ ತೀರ್ಮಾನಿಸಬೇಕು ಎಂದು ಬಾಂಬೆ ಹೈಕೋರ್ಟ್ 2009ರಲ್ಲೇ ಹೇಳಿತ್ತು. ಆದರೂ ಪ್ರತಿ ಚುನಾವಣೆಗೆ ನಮ್ಮ ಕೃಷಿಕರು ಕರ್ನಾಟಕ ಹೈಕೋರ್ಟಿನ ಬಾಗಿಲು ತಟ್ಟಿ ವಿನಾಯಿತಿ ಪಡೆಯುವ ಪರಿಸ್ಥಿತಿ ಮುಂದುವರಿದಿದೆ. ಲೈಸೆನ್ಸ್ ಪಡೆದವನ ವಿಳಾಸ ಠಾಣೆಯಲ್ಲಿರುವುದರಿಂದ ಅವನನ್ನು ಹುಡುಕುವುದು ಸುಲಭ, ಆದ್ದರಿಂದ ಬಿಗಿಯೆಲ್ಲ ಅವನ ಮೇಲೆ. ನಾಡಕೋವಿ ಬಚ್ಚಿಟ್ಟವನ ಮನೆಗೆ ಚುನಾವಣಾ ನೋಟಿಸ್ ಹೋಗುವುದಿಲ್ಲ. ಕಾನೂನು ಪಾಲಿಸಿದವನಿಗೇ ಕಿರುಕುಳವಾದರೆ ನಾಳೆ ಯಾರು ನೋಂದಾಯಿಸಲು ಬರುತ್ತಾರೆ?

ಕೊಡಗಿನ ಪ್ರಶ್ನೆ ಇದಕ್ಕಿಂತ ಕಠಿಣ. ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್ ಪೂ ಎಂಬ ಹೂ ಮುಡಿಸಿ ಪೂಜಿಸುವುದನ್ನು, ಪುತ್ತರಿ ಹಬ್ಬದ ರಾತ್ರಿ ಕದಿರು ಕೊಯ್ಯುವಾಗ ಹಾರುವ ಗುಂಡನ್ನು, ಸಾವನ್ನು ಊರಿಗೆ ತಿಳಿಸಲು ಹಾರುವ ಜೋಡಿ ಗುಂಡನ್ನು ಕಂಡವರಾರೂ ಅಲ್ಲಿ ಕೋವಿಯನ್ನು ಬರಿಯ ಆಯುಧ ಎನ್ನಲಾರರು. ಸೇನಾನಿಗಳಾದ ಕಾರ್ಯಪ್ಪ, ತಿಮ್ಮಯ್ಯರನ್ನು ದೇಶಕ್ಕೆ ಕೊಟ್ಟ ನಾಡು ಅದು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ನಿಂತಿತು, ಕೋವಿ ಮನೆಯ ಗೌರವವಾಗಿ ಉಳಿಯಿತು. ಸ್ವತಂತ್ರ ಭಾರತವೂ 1963ರ ಅಧಿಸೂಚನೆಯಲ್ಲಿ ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿಯನ್ನು ಮುಂದುವರಿಸಿತು. ಜಮ್ಮಾ ಭೂಮಿ ಸೈನಿಕ ಸೇವೆಗೆ ಪ್ರತಿಯಾಗಿ ಬಂದದ್ದು. ಅದನ್ನು ಹಿಡಿದವರಲ್ಲಿ ಗೌಡರೂ ಇತರ ಸಮುದಾಯಗಳವರೂ ಇದ್ದಾರೆ. 2019ರ ಅಕ್ಟೋಬರಿನ ಅಧಿಸೂಚನೆ ಇದನ್ನು ಹತ್ತು ವರ್ಷಕ್ಕೆ, 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು. ಜಾತಿ, ಜನಾಂಗದ ಮೇಲೆ ಭೇದ ಮಾಡುವುದು ಸಮಾನತೆಗೆ ವಿರುದ್ಧ ಎಂದು ನಿವೃತ್ತ ಸೈನ್ಯಾಧಿಕಾರಿಯೊಬ್ಬರು ಹೈಕೋರ್ಟಿಗೆ ಹೋದರು. 2021ರ ಸೆಪ್ಟೆಂಬರಿನಲ್ಲಿ ಹೈಕೋರ್ಟ್ ಅರ್ಜಿಯನ್ನು ವಜಾ ಮಾಡಿತು. ಇದು ಅನಿರ್ದಿಷ್ಟ ಕಾಲಕ್ಕೆ ಕೊಟ್ಟದ್ದಲ್ಲ, ಹತ್ತು ವರ್ಷದ ಮಿತಿ ಇದೆ ಎಂಬುದನ್ನೂ ಗಮನಿಸಿತು.

ತೀರ್ಪನ್ನು ಗೌರವಿಸುತ್ತಲೇ ನಾನು ಹೇಳುವುದು ಇಷ್ಟು. ಕೊಡಗಿನ ಕೋವಿ ಉಳಿಯಲಿ. ಅದಕ್ಕೆ ಕಬ್ಬನ್ ಕೊಟ್ಟ ಕಾರಣ ಮಾತ್ರ ಇನ್ನು ಉಳಿಯಬಾರದು. ಪರದೇಶಿ ಕಂಪನಿಗೆ ತೋರಿದ ನಿಷ್ಠೆ, ಶೂರ ಜನಾಂಗ ಎಂಬ ಬಿರುದು, ಇವು ಗಣರಾಜ್ಯದ ಕಾನೂನಿಗೆ ಆಧಾರವಾಗಲಾರವು. ಆ ಬಿರುದು ಒಪ್ಪಿದರೆ ಹಲಗಲಿಯ ಬೇಡರಿಗೆ ಏನು ಹೇಳುತ್ತೀರಿ? ಶೌರ್ಯದಲ್ಲಿ ಅವರು ಯಾರಿಗೆ ಕಡಿಮೆ? ಮನೆತನದ ಆಚರಣೆ, ತಲೆಮಾರುಗಳಿಂದ ಕೋವಿಯನ್ನು ಜತನದಿಂದ ಇಟ್ಟುಕೊಂಡು ಬಂದ ದಾಖಲೆ, ಒಂಟಿ ತೋಟದ ಮನೆಗಳ ಅಗತ್ಯ, ಇವೇ ಸಾಕಷ್ಟು ಗಟ್ಟಿ ಕಾರಣಗಳು. ಇವನ್ನು ಆಧಾರವಾಗಿ ಇಟ್ಟುಕೊಂಡರೆ ವಿನಾಯಿತಿಯ ಜೊತೆಗೆ ಪ್ರತಿ ಕೋವಿಯ ನೋಂದಣಿ, ಭದ್ರವಾದ ಕಪಾಟು, ಮಾರಾಟ ಮತ್ತು ವಾರಸುದಾರಿಕೆಯ ಸ್ಪಷ್ಟ ದಾಖಲೆ ಕೇಳಲು ಯಾರಿಗೂ ಸಂಕೋಚವಾಗಬೇಕಿಲ್ಲ. ಕೇಳಿದರೆ ಕೊಡಗಿನವರು ಕೊಡುತ್ತಾರೆ ಎಂಬ ನಂಬಿಕೆ ನನಗಿದೆ. ಕೋವಿಯನ್ನು ಪೂಜಿಸುವವರಿಗೆ ಅದರ ಜವಾಬ್ದಾರಿಯನ್ನು ಹೊರಗಿನವರು ಹೇಳಿಕೊಡಬೇಕಾಗಿಲ್ಲ.

ಬೇರೆ ದೇಶದಲ್ಲಿ ಗೆದ್ದ ಕಾನೂನನ್ನು ನೋಡಿದರೂ, ಕೋವಿಯ ಕಾನೂನಿಗೆ ಜನಾಂಗ ಆಧಾರವಾಗಬೇಕಿಲ್ಲ ಎಂಬುದೇ ಕಾಣುತ್ತದೆ. 1996ರ ಏಪ್ರಿಲಿನಲ್ಲಿ ಪೋರ್ಟ್ ಆರ್ಥರಿನ ಗುಂಡಿನ ದಾಳಿಯಲ್ಲಿ 35 ಮಂದಿ ಸತ್ತ ಮೇಲೆ ಆಸ್ಟ್ರೇಲಿಯಾ ಬೆಲೆ ಕೊಟ್ಟು ಜನರಿಂದ 6 ಲಕ್ಷಕ್ಕೂ ಹೆಚ್ಚು ಬಂದೂಕುಗಳನ್ನು ವಾಪಸು ಪಡೆಯಿತು. ಅಲ್ಲಿನ ಸರ್ಕಾರ ಕೇಳಿದ್ದು ಕೋವಿಯ ಬಗೆಯನ್ನು, ನಾಗರಿಕನ ಕುಲವನ್ನಲ್ಲ. ಹಳ್ಳಿಯ ರೈತನಿಗೆ ಬೇಕಾದ ಸಾದಾ ಕೋವಿಗೆ ದಾರಿಯಿತ್ತು, ನಿಮಿಷಕ್ಕೆ ಹತ್ತಾರು ಜೀವ ತೆಗೆಯುವ ಬಂದೂಕಿಗೆ ಬಾಗಿಲು ಮುಚ್ಚಿತು.

ಕರ್ನಾಟಕ ಸರ್ಕಾರ ಮಾಡಬಹುದಾದದ್ದು ಬಹಳವಿದೆ, ಅದಕ್ಕೆ ದೆಹಲಿಯ ಅಪ್ಪಣೆ ಕಾಯಬೇಕಿಲ್ಲ. ಬೆಳೆ ರಕ್ಷಣೆಯ ಕೋವಿಗಳಿಗೆ ಚುನಾವಣೆಯಲ್ಲಿ ಸ್ಥಾಯಿ ವಿನಾಯಿತಿಯ ಪಟ್ಟಿಯನ್ನು ಜಿಲ್ಲಾಧಿಕಾರಿಗಳು ಚುನಾವಣೆ ಇಲ್ಲದ ಕಾಲದಲ್ಲೇ ಸಿದ್ಧ ಮಾಡಿಟ್ಟುಕೊಳ್ಳಬಹುದು, ಆಗ ಕೃಷಿಕ ಕೊನೆಗಳಿಗೆಯಲ್ಲಿ ವಕೀಲರ ಹಿಂದೆ ಓಡಬೇಕಾಗುವುದಿಲ್ಲ. ವಶಪಡಿಸಿಕೊಂಡ ಪ್ರತಿ ನಾಡಪಿಸ್ತೂಲು, ನಾಡಕೋವಿಯ ಮೂಲವನ್ನು ಹುಡುಕುವ ಒಂದು ಪ್ರತ್ಯೇಕ ದಳ ಬೇಕು, ಆ ದಳ ವರ್ಷಕ್ಕೊಮ್ಮೆ ವಿಧಾನಮಂಡಲಕ್ಕೆ ಲೆಕ್ಕ ಒಪ್ಪಿಸಬೇಕು. ಬನ್ನೇರುಘಟ್ಟದ ಸುತ್ತಿನ ಹಳ್ಳಿಗಳಲ್ಲಿ ಕೋವಿಯ ಅರ್ಜಿಯನ್ನು ತಿರಸ್ಕರಿಸುವ ಅರಣ್ಯ ಇಲಾಖೆ ಬೆಳೆ ನಷ್ಟದ ಪರಿಹಾರವನ್ನೂ ಅಷ್ಟೇ ಬೇಗ ಕೊಡಬೇಕು. ಕಾಡಿನ ಅಂಚಿನಲ್ಲಿ ಕೋವಿ ಕಡಿಮೆ ಇರಬೇಕೆಂಬುದು ನ್ಯಾಯವೇ, ಆದರೆ ಅದರ ಭಾರವನ್ನು ರೈತನೊಬ್ಬನೇ ಹೊರಬಾರದು. ಕೊಡಗಿನಲ್ಲಿ 2029ರ ಗಡುವಿಗೆ ಮುಂಚೆಯೇ ಪ್ರತಿ ನಾಡು, ಪ್ರತಿ ಒಕ್ಕಲಿನ ಹಿರಿಯರನ್ನು ಕೂರಿಸಿ ಮಾತಾಡಬೇಕು. ಕಳೆದ ಸಲದಂತೆ ಗಡುವಿನ ಅಂಚಿನಲ್ಲಿ ದೆಹಲಿಯಿಂದ ಒಂದು ಅಧಿಸೂಚನೆ ಇಳಿದು ಬರುವುದನ್ನು ಕಾಯುತ್ತ ಕೂತರೆ ಹತ್ತು ವರ್ಷದ ಅವಕಾಶ ಕಳೆದುಹೋದಂತೆ.